ಚಾರ್ಜ್ ಆಗುತ್ತೆ, ತಿರುಗಿಸಿದರೆ ಟ್ರಿಪ್: ಬೈಡೈರೆಕ್ಷನಲ್ ಕನ್ವರ್ಟರ್‌ನಲ್ಲಿ ದೋಷ ಹುಡುಕುವ ಬಗೆ

ಬೈಡೈರೆಕ್ಷನಲ್ ಕನ್ವರ್ಟರ್ ಅಂದರೆ ಎರಡು ಬೇರೆ ವೋಲ್ಟೇಜ್‌ಗಳ ನಡುವೆ ಪವರನ್ನು ಎರಡೂ ದಿಕ್ಕಿಗೆ ಸಾಗಿಸುವ ಸರ್ಕ್ಯೂಟ್. ಅದನ್ನು ಕಟ್ಟಿದವರ ದೂರು ಹೆಚ್ಚಾಗಿ ಒಂದೇ ಥರ ಇರುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಎಲ್ಲ ಸರಿ. ಅದೇ ಬ್ಯಾಟರಿಯಿಂದ ಬಸ್‌ಗೆ, ಅಂದರೆ ಹೆಚ್ಚು ವೋಲ್ಟೇಜಿನ ಮುಖ್ಯ ಲೈನಿಗೆ, ಪವರ್ ವಾಪಸ್ ಕಳಿಸಲು ಹೋದರೆ ಟ್ರಿಪ್ ಆಗುತ್ತದೆ, ವೋಲ್ಟೇಜ್ ಓಲಾಡುತ್ತದೆ, ಇಲ್ಲವೇ ಮಾಸ್‌ಫೆಟ್ (ಸ್ವಿಚ್ ಆಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್) ಸುಟ್ಟುಹೋಗುತ್ತದೆ. ಆಗ ಕಣ್ಣು ಮೊದಲು ಹೋಗುವುದು ಪವರ್ ಸ್ಟೇಜ್ ಕಡೆಗೆ. ಇಂಡಕ್ಟರ್ ಬದಲಿಸುತ್ತಾರೆ. ದೊಡ್ಡ ಮಾಸ್‌ಫೆಟ್ ಹಾಕುತ್ತಾರೆ. ದೋಷ ಅಲ್ಲೇ ಇರುತ್ತದೆ.

ಈ ಪವರ್ ಸ್ಟೇಜ್ ಒಂದು ಹಾಫ್ ಬ್ರಿಡ್ಜ್, ಅದಕ್ಕೆ ದಿಕ್ಕು ಅನ್ನುವುದೇ ಇಲ್ಲ. ಬಸ್ ಮತ್ತು ಗ್ರೌಂಡ್ ನಡುವೆ ಒಂದರ ಕೆಳಗೊಂದು ಎರಡು ಮಾಸ್‌ಫೆಟ್, ಅವು ಸೇರುವ ಜಾಗದಿಂದ (ಸ್ವಿಚ್ ನೋಡ್) ಬ್ಯಾಟರಿಗೆ ಒಂದು ಇಂಡಕ್ಟರ್, ಎರಡೂ ಬದಿಗೆ ಕೆಪಾಸಿಟರ್. ಕರೆಂಟ್ ಬ್ಯಾಟರಿ ಕಡೆ ಹರಿದರೆ ಅದು ಬಕ್ (ವೋಲ್ಟೇಜ್ ಇಳಿಸುವುದು), ಬಸ್ ಕಡೆ ಹರಿದರೆ ಬೂಸ್ಟ್ (ಏರಿಸುವುದು). ಬದಲಾಗುವುದು ಕರೆಂಟಿನ ಮುಂದಿರುವ ಚಿಹ್ನೆ, ಪ್ಲಸ್ ಹೋಗಿ ಮೈನಸ್. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಆ ಮೈನಸ್ ಎಲ್ಲಿ ಕಳೆದುಹೋಗುತ್ತಿದೆ? ಸಪ್ಲೈನಲ್ಲೋ, ಸೆನ್ಸರ್‌ನಲ್ಲೋ, ಕೋಡ್‌ನಲ್ಲೋ, ಪ್ರೊಟೆಕ್ಷನ್‌ನಲ್ಲೋ, ಎಲ್ಲೋ ಒಂದು ಕಡೆ ಯಾರೋ ಕರೆಂಟ್ ಯಾವಾಗಲೂ ಪ್ಲಸ್ ಎಂದುಕೊಂಡಿರುತ್ತಾರೆ.

ಲೆಕ್ಕ ಹೇಳಲು ಅನುಕೂಲವಾಗಲಿ ಎಂದು ಒಂದು ಸರ್ಕ್ಯೂಟ್ ಇಟ್ಟುಕೊಳ್ಳೋಣ. ಮೇಲಿನ ಬದಿ 48 ವೋಲ್ಟ್ ಬಸ್, ಅದರ ಮೇಲೆ 1000 ಮೈಕ್ರೊಫ್ಯಾರಡ್. ಕೆಳಗಿನ ಬದಿ 12 ವೋಲ್ಟ್ ಬ್ಯಾಟರಿ. ಇಂಡಕ್ಟರ್ 22 ಮೈಕ್ರೊಹೆನ್ರಿ, ಸ್ವಿಚಿಂಗ್ 100 ಕಿಲೋಹರ್ಟ್ಜ್. ಮೇಲಿನ ಮಾಸ್‌ಫೆಟ್‌ನ ಡ್ಯೂಟಿ, ಅಂದರೆ ಪ್ರತಿ ಸೈಕಲ್ಲಿನಲ್ಲಿ ಅದು ಆನ್ ಇರುವ ಪಾಲು, 25 ಶೇಕಡ, ಕೆಳಗಿನದ್ದು 75. ಇಂಡಕ್ಟರ್‌ನಲ್ಲಿ ರಿಪಲ್, ಅಂದರೆ ಪ್ರತಿ ಸೈಕಲ್ಲಿನ ಕರೆಂಟಿನ ಏರಿಳಿತ, ತುದಿಯಿಂದ ತುದಿಗೆ ಸುಮಾರು 4 ಆಂಪ್. ಬಸ್‌ನಿಂದ ಬ್ಯಾಟರಿಗೆ ಹರಿದರೆ ಪ್ಲಸ್, ಬ್ಯಾಟರಿಯಿಂದ ಬಸ್‌ಗೆ ಹರಿದರೆ ಮೈನಸ್.

ಕೈ ಹಾಕುವ ಮುಂಚೆ ಒಂದು ಮಾತು. ಈ ಬೋರ್ಡಿಗೆ ಎರಡೂ ಕಡೆ ಪವರ್ ಇದೆ. 48 ವೋಲ್ಟ್ ಆಫ್ ಮಾಡಿದ ತಕ್ಷಣ ಬೋರ್ಡ್ ಸತ್ತಿತು ಎಂದುಕೊಳ್ಳಬೇಡಿ, ಬ್ಯಾಟರಿ ಇನ್ನೂ ಕೂತಿರುತ್ತದೆ. ಬ್ಯಾಟರಿ ಲೈನಿನಲ್ಲಿ ಫ್ಯೂಸ್ ಇಲ್ಲದೆ ಯಾವ ಟೆಸ್ಟೂ ಬೇಡ. ಸ್ವಿಚ್ ನೋಡ್ ಮೇಲೆ ಸ್ಕೋಪಿನ ಗ್ರೌಂಡ್ ಕ್ಲಿಪ್ ಹಾಕಬೇಡಿ. ಮೇಲಿನ ಗೇಟ್ (ಮಾಸ್‌ಫೆಟ್ಟನ್ನು ಆನ್ ಆಫ್ ಮಾಡುವ ಪಿನ್) ನೋಡಬೇಕಿದ್ದರೆ ಡಿಫರೆನ್ಷಿಯಲ್ ಪ್ರೋಬ್ ಬೇಕು.

ಮೊದಲು ಟೇಬಲ್ ಮೇಲಿನ ಸಪ್ಲೈ ನೋಡಿ

ತಿರುಗಿಸಿದ ಕೂಡಲೇ ಬಸ್ ವೋಲ್ಟೇಜ್ ಏರಿ ಓವರ್‌ವೋಲ್ಟೇಜ್ ಟ್ರಿಪ್ ಆಗುತ್ತಿದೆಯಾ? ಹಾಗಿದ್ದರೆ ಕನ್ವರ್ಟರ್ ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು. ಸಾಮಾನ್ಯ ಬೆಂಚ್ ಸಪ್ಲೈ ಕರೆಂಟ್ ಕೊಡುತ್ತದೆ, ತೆಗೆದುಕೊಳ್ಳುವುದಿಲ್ಲ. ನೀವು 5 ಆಂಪ್ ವಾಪಸ್ ತಳ್ಳಿದರೆ ಅದು ಹೋಗುವುದು ಬಸ್ ಕೆಪಾಸಿಟರ್‌ಗೆ. 5 ಆಂಪ್‌ಗೆ 1000 ಮೈಕ್ರೊಫ್ಯಾರಡ್ ಅಂದರೆ ಪ್ರತಿ ಮಿಲಿಸೆಕೆಂಡಿಗೆ 5 ವೋಲ್ಟ್ ಏರಿಕೆ. 63 ವೋಲ್ಟ್ ರೇಟಿಂಗಿನ ಕೆಪಾಸಿಟರ್ 3 ಮಿಲಿಸೆಕೆಂಡಿನಲ್ಲಿ ತನ್ನ ಮಿತಿ ಮುಟ್ಟುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ.

ಪರಿಹಾರ ಸುಲಭ. ಸಪ್ಲೈ ಜೊತೆಗೆ ಸಮಾನಾಂತರವಾಗಿ ಒಂದು ಲೋಡ್ ಹಾಕಿ. ವಾಪಸ್ ಬರುವ ಕರೆಂಟ್ 5 ಆಂಪ್ ಆದರೆ ಲೋಡ್ 6 ಆಂಪ್ ಎಳೆಯಲಿ. ಆಗ ಸಪ್ಲೈ ಯಾವಾಗಲೂ ಕನಿಷ್ಠ 1 ಆಂಪ್ ಕೊಡುತ್ತಲೇ ಇರುತ್ತದೆ, ಬಸ್ 48ರಲ್ಲಿ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಲೋಡ್ ಇದ್ದರೆ ಸರಿ, ಇಲ್ಲದಿದ್ದರೆ ದಪ್ಪ ರೆಸಿಸ್ಟರ್ ಸಾಕು. ಆದರೆ 48 ವೋಲ್ಟಿಗೆ 6 ಆಂಪ್ ಅಂದರೆ 288 ವಾಟ್. ರೆಸಿಸ್ಟರ್ ಅಷ್ಟು ಬಿಸಿ ತಡೆಯಬೇಕು. ಈ ಒಂದು ಬದಲಾವಣೆ ಮಾಡಿದ ಮೇಲೆ ಟ್ರಿಪ್ ನಿಂತುಹೋದರೆ ಟೆಸ್ಟ್ ಸೆಟಪ್ಪಿನ ದೋಷ ಮುಗಿಯಿತು. ಆದರೂ ಡಿಸೈನಿಗೆ ಒಂದು ಪಾಠ ಉಳಿಯುತ್ತದೆ. ನಿಜವಾದ ಬಳಕೆಯಲ್ಲಿ ಬಸ್ ಮೇಲಿನ ಲೋಡ್ ಹಠಾತ್ತನೆ ಕಳಚಿದರೆ ಇದೇ 3 ಮಿಲಿಸೆಕೆಂಡ್ ಅಲ್ಲೂ ಇರುತ್ತದೆ. ಓವರ್‌ವೋಲ್ಟೇಜ್ ಕಟ್ ಅದಕ್ಕಿಂತ ಬೇಗ ಕೆಲಸ ಮಾಡಬೇಕು. ಅದನ್ನು ಹಾರ್ಡ್‌ವೇರ್‌ನಲ್ಲೇ ಇಡುವುದು ಒಳ್ಳೆಯದು.

ಸೆನ್ಸರ್ ಮೈನಸ್ ಓದುತ್ತದೆಯಾ?

ಇದನ್ನು ಕನ್ವರ್ಟರ್ ಓಡಿಸದೆಯೇ ನೋಡಬಹುದು, ನೋಡಲೇಬೇಕು. ಬ್ಯಾಟರಿಯನ್ನೂ ಬಸ್ಸನ್ನೂ ಕಳಚಿ. ಎರಡೂ ಗೇಟ್ ಆಫ್ ಇರಲಿ, ಕಂಟ್ರೋಲ್ ಭಾಗಕ್ಕೆ ಮಾತ್ರ ಬೇರೆ ಪವರ್ ಕೊಡಿ. ಕರೆಂಟ್ ಲಿಮಿಟ್ ಇರುವ ಒಂದು ಸಪ್ಲೈಯಿಂದ ಶಂಟಿನ (ಕರೆಂಟ್ ಅಳೆಯುವ ಚಿಕ್ಕ ರೆಸಿಸ್ಟರ್) ಮೂಲಕ 5 ಆಂಪ್ ಹರಿಸಿ, ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಏನು ಓದುತ್ತದೆ ಬರೆದುಕೊಳ್ಳಿ. ವೈರ್ ಅದಲುಬದಲು ಮಾಡಿ ಮತ್ತೆ ಓದಿ. ಎರಡು ಓದುಗಳೂ ಮಧ್ಯದಿಂದ ಸಮ ದೂರದಲ್ಲಿರಬೇಕು.

ಉದಾಹರಣೆಗೆ 1 ಮಿಲಿಓಮ್ ಶಂಟ್, 50 ಪಟ್ಟು ಆಂಪ್ಲಿಫೈಯರ್. ಆಂಪಿಗೆ 50 ಮಿಲಿವೋಲ್ಟ್. 3.3 ವೋಲ್ಟಿನ 12 ಬಿಟ್ ಎಡಿಸಿಯಲ್ಲಿ ಆಂಪಿಗೆ ಸುಮಾರು 62 ಕೌಂಟ್. ಸೊನ್ನೆ ಕರೆಂಟಿಗೆ 2048, ಪ್ಲಸ್ 5ಕ್ಕೆ 2358, ಮೈನಸ್ 5ಕ್ಕೆ 1738 ಬರಬೇಕು. ಬದಲಿಗೆ ಸೊನ್ನೆಗೆ ಸುಮಾರು 0, ಪ್ಲಸ್ 5ಕ್ಕೆ 310, ಮೈನಸ್ 5ಕ್ಕೆ ಮತ್ತೆ 0 ಬಂದರೆ ಆಂಪ್ಲಿಫೈಯರಿನ ರೆಫರೆನ್ಸ್ ಪಿನ್ ಗ್ರೌಂಡಿಗೆ ಕಟ್ಟಿದೆ ಎಂದರ್ಥ. ಅದು ಒಂದೇ ದಿಕ್ಕಿನ ಕರೆಂಟ್ ನೋಡುತ್ತಿದೆ. ಐಎನ್‌ಎ240 ಥರದ ಚಿಪ್‌ನಲ್ಲಿ ಎರಡು ರೆಫರೆನ್ಸ್ ಪಿನ್ ಇರುತ್ತವೆ. ಎರಡನ್ನೂ ಗ್ರೌಂಡಿಗೆ ಕಟ್ಟಿದರೆ ಒಂದೇ ದಿಕ್ಕು. ಒಂದನ್ನು ಸಪ್ಲೈಗೆ, ಇನ್ನೊಂದನ್ನು ಗ್ರೌಂಡಿಗೆ ಕಟ್ಟಿದರೆ ಸೊನ್ನೆ ನಡುವೆ ಬಂದು ಕೂರುತ್ತದೆ.

ಶಂಟಿನ ಬದಲು ಹಾಲ್ ಸೆನ್ಸರ್ (ಕರೆಂಟಿನ ಕಾಂತಕ್ಷೇತ್ರ ಅಳೆಯುವಂಥದ್ದು) ಬಳಸಿದ್ದರೆ ದೋಷ ಇನ್ನೂ ಸೂಕ್ಷ್ಮ. ಎಸಿಎಸ್712ರ 30 ಆಂಪ್ ಮಾದರಿ 5 ವೋಲ್ಟ್ ಸಪ್ಲೈ ಮೇಲೆ ಸೊನ್ನೆಗೆ 2.5 ವೋಲ್ಟ್ ಕೊಡುತ್ತದೆ, ಆಂಪಿಗೆ 66 ಮಿಲಿವೋಲ್ಟ್. ಇದನ್ನು ನೇರವಾಗಿ 3.3 ವೋಲ್ಟಿನ ಎಡಿಸಿಗೆ ಕೊಟ್ಟರೆ ಒಂದು ದಿಕ್ಕಿನಲ್ಲಿ ಪೂರ್ತಿ 30 ಆಂಪ್ ಓದುತ್ತದೆ. ಇನ್ನೊಂದು ದಿಕ್ಕಿನಲ್ಲಿ 12 ಆಂಪ್ ದಾಟಿದ ಮೇಲೆ ಓದು ಅಲ್ಲೇ ನಿಂತುಬಿಡುತ್ತದೆ. ನೀವು 15 ಆಂಪ್ ಕೇಳಿದ್ದೀರಿ, ಕಂಟ್ರೋಲ್ ಲೂಪಿಗೆ (ಕರೆಂಟ್ ಅಳೆದು ಡ್ಯೂಟಿ ತಿದ್ದುವ ಕೋಡ್) ಕಾಣುವುದು 12. ಇನ್ನೂ 3 ಸಾಲದು ಎಂದು ಡ್ಯೂಟಿ ತಳ್ಳುತ್ತಾ ಹೋಗುತ್ತದೆ, ಕರೆಂಟ್ ಕೈ ಮೀರುತ್ತದೆ. 10 ಆಂಪ್ ತನಕ ಎರಡೂ ಕಡೆ ಚೆನ್ನಾಗಿ ಓಡಿ ಆಮೇಲೆ ಒಂದೇ ಕಡೆ ಸಿಡಿಯುವ ಬೋರ್ಡುಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. 10 ಕಿಲೋಓಮ್ ಮತ್ತು 18 ಕಿಲೋಓಮ್ ಡಿವೈಡರ್ ಹಾಕಿದರೆ 5 ವೋಲ್ಟ್ 3.2ಕ್ಕೆ ಇಳಿಯುತ್ತದೆ, ಎರಡೂ ದಿಕ್ಕು ಎಡಿಸಿಯೊಳಗೆ ಹಿಡಿಯುತ್ತವೆ. ಎಡಿಸಿ ಪಿನ್ನಿಗೂ 3.3ಕ್ಕಿಂತ ಜಾಸ್ತಿ ವೋಲ್ಟೇಜ್ ಬೀಳುವುದಿಲ್ಲ.

ಕೋಡಿನೊಳಗೆ ಮೈನಸ್ ಸಾಯುವ ಜಾಗಗಳು

ಎಡಿಸಿ 1738 ಓದಿತು. ಅದರಿಂದ 2048 ಕಳೆದರೆ ಮೈನಸ್ 310. ಇದನ್ನು 16 ಬಿಟ್ ಅನ್‌ಸೈನ್ಡ್ (ಮೈನಸ್ ಹಿಡಿಯದ) ವೇರಿಯಬಲ್‌ಗೆ ಹಾಕಿದರೆ ಅದು 65226 ಆಗುತ್ತದೆ. ಲೂಪಿನ ಲೆಕ್ಕದಲ್ಲಿ ಅದು ಸಾವಿರ ಆಂಪ್ ದಾಟಿದ ಪ್ಲಸ್ ಕರೆಂಟ್. ಅದನ್ನು ಇಳಿಸಲು ಡ್ಯೂಟಿಯನ್ನು ಕೆಳಕ್ಕೆ ತಳ್ಳುತ್ತದೆ. ಡ್ಯೂಟಿ ಇಳಿದರೆ ಕೆಳಗಿನ ಮಾಸ್‌ಫೆಟ್ ಇನ್ನೂ ಹೆಚ್ಚು ಹೊತ್ತು ಆನ್ ಇರುತ್ತದೆ, ಬ್ಯಾಟರಿಯಿಂದ ಹೊರಡುವ ಕರೆಂಟ್ ಇನ್ನೂ ಏರುತ್ತದೆ. ತಪ್ಪು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕೆಳಗಿನ ಮಾಸ್‌ಫೆಟ್ ಮಾತ್ರ ಪದೇ ಪದೇ ಹೋಗುತ್ತಿದ್ದರೆ ಈ ಸಾಲನ್ನು ಕೋಡಿನಲ್ಲಿ ಹುಡುಕಿ.

ಇದಕ್ಕಿಂತ ನಿರಪಾಯದ ದೋಷ ಇನ್ನೊಂದಿದೆ. ಲೂಪ್ ನಡೆಸುವ ಪಿಐ ಕಂಟ್ರೋಲರಿನ ಕೆಳಮಿತಿ ಸೊನ್ನೆ ಎಂದು ಇಟ್ಟಿರುತ್ತಾರೆ. ವೋಲ್ಟೇಜ್ ಲೂಪ್ ಮೈನಸ್ 8 ಆಂಪ್ ಕೇಳುತ್ತದೆ, ಮಿತಿ ಅದನ್ನು ಸೊನ್ನೆ ಮಾಡುತ್ತದೆ, ಏನೂ ಆಗುವುದಿಲ್ಲ. ಟ್ರಿಪ್ಪೂ ಇಲ್ಲ, ಶಬ್ದವೂ ಇಲ್ಲ, ಪವರ್ ಸುಮ್ನೆ ತಿರುಗುವುದಿಲ್ಲ. ಕರೆಂಟ್ ರೆಫರೆನ್ಸ್ (ಲೂಪ್ ಕೇಳುವ ಕರೆಂಟ್), ಇಂಟಿಗ್ರೇಟರ್ (ತಪ್ಪನ್ನು ಕೂಡಿಡುವ ಭಾಗ), ಎರಡಕ್ಕೂ ಬೇರೆ ಬೇರೆ ಮಿತಿ ಇರುತ್ತದೆ, ಎರಡನ್ನೂ ನೋಡಿ. ಲೈಟ್ ಲೋಡಿನಲ್ಲಿ ಕೆಳಗಿನ ಮಾಸ್‌ಫೆಟ್ಟನ್ನು ಡಯೋಡಿನ ಹಾಗೆ ನಡೆಸುವ ಸೆಟ್ಟಿಂಗ್ ರೆಡಿಮೇಡ್ ಕಂಟ್ರೋಲರ್ ಚಿಪ್‌ಗಳಲ್ಲಿ ಇರುತ್ತದೆ. ಅದು ಆನ್ ಇದ್ದರೂ ಮೈನಸ್ ಕರೆಂಟ್ ಹುಟ್ಟುವುದಿಲ್ಲ.

ಬಕ್‌ಗೊಂದು ಲೂಪ್, ಬೂಸ್ಟ್‌ಗೊಂದು ಲೂಪ್ ಬರೆದು, ನಡುವೆ ಮೋಡ್ ಬದಲಿಸುವ ಕೋಡ್ ಇಟ್ಟವರಿಗೆ ನನ್ನ ಸಲಹೆ: ಕರೆಂಟ್ ಲೂಪ್ ಒಂದೇ ಇಡಿ. ಡ್ಯೂಟಿಯಿಂದ ಇಂಡಕ್ಟರ್ ಕರೆಂಟಿಗೆ ಇರುವ ಸಂಬಂಧ ಎರಡೂ ದಿಕ್ಕಿನಲ್ಲಿ ಒಂದೇ. ರೆಫರೆನ್ಸಿಗೆ ಚಿಹ್ನೆ ಇದ್ದರೆ ಸಾಕು, ಅದು ಸೊನ್ನೆಯನ್ನು ತಾನಾಗಿ ದಾಟುತ್ತದೆ. ಮೋಡ್ ಬದಲಿಸುವ ಗಳಿಗೆಯಲ್ಲಿ ಬರುವ ಎಗರಾಟದ ಸಮಸ್ಯೆ ಹುಟ್ಟುವುದೇ ಇಲ್ಲ.

ಆನ್ ಮಾಡಿದ ಕ್ಷಣವೇ ಸುಟ್ಟರೆ

ಸಾಮಾನ್ಯ ಬಕ್ ಕನ್ವರ್ಟರ್‌ನಲ್ಲಿ ಡ್ಯೂಟಿಯನ್ನು ಸೊನ್ನೆಯಿಂದ ನಿಧಾನ ಏರಿಸುತ್ತೇವೆ, ಅದು ಸಾಫ್ಟ್ ಸ್ಟಾರ್ಟ್. ಇಲ್ಲಿ ಅದೇ ಅಪಾಯ. ಡ್ಯೂಟಿ ಸೊನ್ನೆ ಅಂದರೆ ಕೆಳಗಿನ ಮಾಸ್‌ಫೆಟ್ ಪೂರ್ತಿ ಆನ್. ಬ್ಯಾಟರಿ, ಇಂಡಕ್ಟರ್, ಗ್ರೌಂಡ್: ನೇರ ಶಾರ್ಟ್. 12 ವೋಲ್ಟಿಗೆ 22 ಮೈಕ್ರೊಹೆನ್ರಿ, ಕರೆಂಟ್ ಮೈಕ್ರೊಸೆಕೆಂಡಿಗೆ 0.55 ಆಂಪ್ ಏರುತ್ತದೆ. ಹತ್ತು ಸ್ವಿಚಿಂಗ್ ಸೈಕಲ್ಲಿನಲ್ಲಿ 54 ಆಂಪ್. ಅದಕ್ಕೂ ಮುಂಚೆ ಇಂಡಕ್ಟರ್ ಸ್ಯಾಚುರೇಟ್ ಆದರೆ ಏರಿಕೆ ಇನ್ನೂ ಜೋರು.

ಎರಡೂ ಬದಿಯ ವೋಲ್ಟೇಜ್ ಅಳೆದು, ಅವುಗಳ ಅನುಪಾತದಿಂದಲೇ ಡ್ಯೂಟಿ ಶುರು ಮಾಡಿ. 12ನ್ನು 48ರಿಂದ ಭಾಗಿಸಿದರೆ 0.25. ಇಂಟಿಗ್ರೇಟರಿಗೆ ಮೊದಲೇ ಈ ಬೆಲೆ ತುಂಬಿ, ಕರೆಂಟ್ ರೆಫರೆನ್ಸ್ ಸೊನ್ನೆ ಇಟ್ಟು, ಮೊದಲ ಸೈಕಲ್ಲಿನಿಂದಲೇ ಕರೆಂಟ್ ಲೂಪನ್ನು ಕ್ಲೋಸ್ ಮಾಡಿ, ಅಂದರೆ ಕೆಲಸಕ್ಕೆ ಹಚ್ಚಿ. ಲೂಪ್ ತೆರೆದಿಟ್ಟು ಅನುಪಾತದ ಮೇಲೆ ಮಾತ್ರ ನಂಬಿಕೆ ಇಡುವಂತಿಲ್ಲ. ಡ್ಯೂಟಿಯಲ್ಲಿ ಶೇಕಡ 1 ವ್ಯತ್ಯಾಸವಾದರೆ 0.48 ವೋಲ್ಟ್. ದಾರಿಯ ಒಟ್ಟು ರೆಸಿಸ್ಟೆನ್ಸ್ 50 ಮಿಲಿಓಮ್ ಆಗಿದ್ದರೆ ಅದಕ್ಕೇ ಸುಮಾರು 10 ಆಂಪ್ ಹರಿದುಬಿಡುತ್ತದೆ.

ಇಲ್ಲೇ ಇನ್ನೊಂದು ಬಲೆ ಇದೆ. ಮೇಲಿನ ಗೇಟಿಗೆ ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್ (ಸ್ವಿಚ್ ನೋಡ್ ಕೆಳಗಿಳಿದಾಗ ತುಂಬಿಕೊಂಡು ಮೇಲಿನ ಡ್ರೈವರಿಗೆ ಪವರ್ ಕೊಡುವಂಥದ್ದು) ಬಳಸಿದ್ದೀರಿ, ಡ್ರೈವರ್ ಸಪ್ಲೈ 12 ವೋಲ್ಟ್. ಕನ್ವರ್ಟರ್ ನಿಂತಿರುವಾಗ ಸ್ವಿಚ್ ನೋಡ್ ಇಂಡಕ್ಟರ್ ಮೂಲಕ ಬ್ಯಾಟರಿಗೆ ಸೇರಿಕೊಂಡಿರುತ್ತದೆ, ಅಂದರೆ ಅದೂ 12ರಲ್ಲಿ. ಹಾಗಾದರೆ ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್‌ಗೆ ಸಿಗುವುದು ಏನೂ ಇಲ್ಲ ಅಲ್ವಾ? ಮೇಲಿನ ಡ್ರೈವರ್ ಅಂಡರ್‌ವೋಲ್ಟೇಜ್ ಲಾಕಿನಲ್ಲಿ ಕೂತಿರುತ್ತದೆ, ಮೊದಲ ಪಲ್ಸ್‌ಗಳು ಬರುವುದೇ ಇಲ್ಲ. ಶುರುವಿನಲ್ಲಿ ಕೆಳಗಿನ ಮಾಸ್‌ಫೆಟ್‌ಗೆ 1 ಮೈಕ್ರೊಸೆಕೆಂಡಿನ ಕೆಲವು ಪಲ್ಸ್ ಕೊಡಿ. ಪ್ರತಿ ಪಲ್ಸಿಗೆ ಇಂಡಕ್ಟರ್‌ನಲ್ಲಿ ಅರ್ಧ ಆಂಪ್ ಏರಿ, ಮೇಲಿನ ಬಾಡಿ ಡಯೋಡ್ (ಮಾಸ್‌ಫೆಟ್ ಒಳಗೇ ಇರುವ ಡಯೋಡ್) ಮೂಲಕ ಬಸ್‌ಗೆ ಹೋಗುತ್ತದೆ. ಯಾರಿಗೂ ನೋವಿಲ್ಲ, ಕೆಪಾಸಿಟರ್ ತುಂಬುತ್ತದೆ.

ಬೂಸ್ಟ್ ದಿಕ್ಕಿನಲ್ಲಿ ಮಾತ್ರ ಓಲಾಟ

ಮೈನಸ್ ಎಲ್ಲೂ ಕಳೆದಿಲ್ಲ, ಪವರ್ ತಿರುಗುತ್ತದೆ, ಆದರೆ ಬಸ್ ವೋಲ್ಟೇಜ್ ಓಲಾಡುತ್ತದೆ. ಈಗ ಸ್ಕೋಪಿನಲ್ಲಿ ಓಲಾಟದ ಫ್ರೀಕ್ವೆನ್ಸಿ ಓದಿ. ಅದೇ ಅರ್ಧ ಉತ್ತರ ಹೇಳುತ್ತದೆ.

50 ಕಿಲೋಹರ್ಟ್ಜ್, ಅಂದರೆ ಸ್ವಿಚಿಂಗಿನ ಸರಿಯಾಗಿ ಅರ್ಧ ಇದ್ದು, ಒಂದು ಪಲ್ಸ್ ಅಗಲ ಒಂದು ಕಿರಿದು ಎಂದು ಬರುತ್ತಿದ್ದರೆ ಅದು ಸಬ್‌ಹಾರ್ಮೋನಿಕ್. ಪೀಕ್ ಕರೆಂಟ್ ಕಂಟ್ರೋಲ್‌ನಲ್ಲಿ (ಕರೆಂಟ್ ನಿಗದಿತ ತುದಿ ಮುಟ್ಟಿದಾಗ ಸ್ವಿಚ್ ಆಫ್ ಮಾಡುವ ಬಗೆ) ಡ್ಯೂಟಿ 50 ಶೇಕಡ ದಾಟಿದರೆ ಇದು ಬರುತ್ತದೆ. ಬಕ್ ದಿಕ್ಕಿನಲ್ಲಿ ನಿಯಂತ್ರಿಸುವ ಮಾಸ್‌ಫೆಟ್ ಮೇಲಿನದು, ಡ್ಯೂಟಿ 25, ತೊಂದರೆ ಇಲ್ಲ. ಬೂಸ್ಟ್‌ನಲ್ಲಿ ನಿಯಂತ್ರಿಸುವುದು ಕೆಳಗಿನದು, ಡ್ಯೂಟಿ 75. ಒಂದೇ ದಿಕ್ಕಿನಲ್ಲಿ ಮಾತ್ರ ಕಾಣಲು ಇದೇ ಕಾರಣ. ಸ್ಲೋಪ್ ಕಾಂಪೆನ್ಸೇಶನ್ ಬೇಕು, ಅಂದರೆ ಅಳೆದ ಕರೆಂಟಿಗೆ ಸಮವಾಗಿ ಏರುವ ಒಂದು ಸಿಗ್ನಲ್ ಕೂಡಿಸಬೇಕು. ಇಂಡಕ್ಟರ್ ಕರೆಂಟ್ ಇಳಿಯುವ ವೇಗ 36 ವೋಲ್ಟಿಗೆ 22 ಮೈಕ್ರೊಹೆನ್ರಿ, ಮೈಕ್ರೊಸೆಕೆಂಡಿಗೆ 1.64 ಆಂಪ್. ಅದರ ಅರ್ಧ, 0.82, ಕನಿಷ್ಠ. ಸರಾಸರಿ ಕರೆಂಟ್ ಕಂಟ್ರೋಲ್ ಬಳಸಿದರೆ ಈ ಗೋಜೇ ಇಲ್ಲ. ಎರಡೂ ದಿಕ್ಕಿನ ಕೆಲಸಕ್ಕೆ ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ.

ಓಲಾಟ ಒಂದೆರಡು ಕಿಲೋಹರ್ಟ್ಜ್ ಇದ್ದು, ಲೋಡ್ ಏರಿದಷ್ಟೂ ಜೋರಾಗುತ್ತಿದ್ದರೆ ಕಾರಣ ಬೇರೆ. ಬೂಸ್ಟ್‌ನಲ್ಲಿ ಬಸ್‌ಗೆ ಹೆಚ್ಚು ಪವರ್ ಬೇಕೆಂದರೆ ಕೆಳಗಿನ ಮಾಸ್‌ಫೆಟ್ಟನ್ನು ಜಾಸ್ತಿ ಹೊತ್ತು ಆನ್ ಇಡಬೇಕು. ಆನ್ ಇರುವಷ್ಟು ಹೊತ್ತು ಬಸ್‌ಗೆ ಏನೂ ಹೋಗುವುದಿಲ್ಲ. ಹಾಗಾಗಿ ವೋಲ್ಟೇಜ್ ಮೊದಲು ಇಳಿದು ಆಮೇಲೆ ಏರುತ್ತದೆ. ಲೂಪ್ ಆ ಮೊದಲ ಇಳಿತವನ್ನು ನೋಡಿ ಇನ್ನೂ ತಳ್ಳುತ್ತದೆ. ಇದನ್ನೇ ರೈಟ್ ಹಾಫ್ ಪ್ಲೇನ್ ಝೀರೊ ಎನ್ನುತ್ತಾರೆ. ಅದರ ಫ್ರೀಕ್ವೆನ್ಸಿ ಲೆಕ್ಕ ಹಾಕುವುದು ಹೀಗೆ: ಲೋಡ್ ರೆಸಿಸ್ಟೆನ್ಸನ್ನು ಮೇಲಿನ ಮಾಸ್‌ಫೆಟ್‌ನ ಡ್ಯೂಟಿಯ ವರ್ಗದಿಂದ ಗುಣಿಸಿ, 6.28 ಮತ್ತು ಇಂಡಕ್ಟೆನ್ಸ್‌ನ ಗುಣಲಬ್ಧದಿಂದ ಭಾಗಿಸಿ. 10 ಆಂಪ್ ಲೋಡಿಗೆ ರೆಸಿಸ್ಟೆನ್ಸ್ 4.8 ಓಮ್, ಡ್ಯೂಟಿಯ ವರ್ಗ 0.0625. ಬರುವುದು ಸುಮಾರು 2.2 ಕಿಲೋಹರ್ಟ್ಜ್. 5 ಆಂಪ್ ಲೋಡಿಗೆ ಅದೇ 4.3. ಲೋಡ್ ಹೆಚ್ಚಿದಂತೆ ಝೀರೊ ಕೆಳಗೆ ಬರುತ್ತದೆ, ಅದಕ್ಕೇ ಲೈಟ್ ಲೋಡಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ.

ವೋಲ್ಟೇಜ್ ಲೂಪಿನ ಕ್ರಾಸ್‌ಓವರ್ (ಯಾವ ಫ್ರೀಕ್ವೆನ್ಸಿಯ ತನಕ ಲೂಪ್ ಸ್ಪಂದಿಸುತ್ತದೋ ಅದು) ಇದರ ಐದನೇ ಒಂದು ಭಾಗಕ್ಕಿಂತ ಕೆಳಗಿರಲಿ, ಅಂದರೆ 400 ಹರ್ಟ್ಜ್ ಆಸುಪಾಸು. ಬಕ್ ದಿಕ್ಕಿನಲ್ಲಿ 10 ಕಿಲೋಹರ್ಟ್ಜ್‌ಗೆ ಟ್ಯೂನ್ ಮಾಡಿದ ಗೇನ್‌ಗಳನ್ನೇ ಇಲ್ಲಿ ತಂದು ಹಾಕಿದರೆ ಓಲಾಡದೆ ಇನ್ನೇನಾದೀತು? ಒಳಗಿನ ಕರೆಂಟ್ ಲೂಪ್ ಒಂದೇ ಇರಬಹುದು, ಹೊರಗಿನ ವೋಲ್ಟೇಜ್ ಲೂಪ್‌ಗಳು ಎರಡು ಬೇಕು. ನಿಧಾನ ಲೂಪಿನಿಂದ ಬಸ್ ಜಾಸ್ತಿ ಕುಸಿಯುತ್ತದೆ ಅಂದರೆ ಬಸ್ ಕೆಪಾಸಿಟರ್ ದೊಡ್ಡದು ಮಾಡಿ, ಇಲ್ಲವೇ ಇಂಡಕ್ಟರ್ ಚಿಕ್ಕದು ಮಾಡಿ ರಿಪಲ್ ಸಹಿಸಿ. ಗೇನ್ ಏರಿಸಿ ಗೆಲ್ಲಲು ಆಗುವುದಿಲ್ಲ.

ಸೊನ್ನೆ ದಾಟುವಾಗ ಎಗರಾಟ

ಡೆಡ್ ಟೈಮ್ (ಎರಡೂ ಮಾಸ್‌ಫೆಟ್ ಆಫ್ ಇರುವ ಚಿಕ್ಕ ಅಂತರ) 100 ನ್ಯಾನೊಸೆಕೆಂಡ್ ಎನ್ನಿ. ಕರೆಂಟ್ ಪ್ಲಸ್ ಇದ್ದಾಗ ಆ ಹೊತ್ತಿನಲ್ಲಿ ಕೆಳಗಿನ ಡಯೋಡ್ ನಡೆಸುತ್ತದೆ, ಸ್ವಿಚ್ ನೋಡ್ ಕೆಳಗಿರುತ್ತದೆ. ಮೈನಸ್ ಇದ್ದಾಗ ಮೇಲಿನ ಡಯೋಡ್ ನಡೆಸುತ್ತದೆ, ನೋಡ್ ಮೇಲಿರುತ್ತದೆ. ಅಂದರೆ ನಿಜವಾದ ಡ್ಯೂಟಿ ಒಂದು ದಿಕ್ಕಿನಲ್ಲಿ ಶೇಕಡ 1 ಕಡಿಮೆ, ಇನ್ನೊಂದರಲ್ಲಿ 1 ಜಾಸ್ತಿ. ದಿಕ್ಕು ಬದಲಾಗುವಾಗ 0.96 ವೋಲ್ಟಿನ ನೆಗೆತ. ರಿಪಲ್ 4 ಆಂಪ್ ಇರುವುದರಿಂದ ಪ್ಲಸ್ 2ರಿಂದ ಮೈನಸ್ 2 ಆಂಪ್ ನಡುವೆ ಇದು ಮೆತ್ತಗೆ ಹರಡಿಕೊಳ್ಳುತ್ತದೆ. ರಿಪಲ್ ಕಡಿಮೆ ಇದ್ದಷ್ಟೂ ನೆಗೆತ ಚೂಪು. ಕರೆಂಟಿನ ಚಿಹ್ನೆ ನೋಡಿ ಡ್ಯೂಟಿಗೆ ಈ ಶೇಕಡ 1ನ್ನು ಕೂಡಿಸಿ, ಕಳೆಯಿರಿ. ಸೊನ್ನೆಯ ಹತ್ತಿರ ಮಾತ್ರ ಅದನ್ನು ಓರೆಯಾಗಿ ಬದಲಿಸಿ, ಇಲ್ಲದಿದ್ದರೆ ಸೆನ್ಸರ್ ನಾಯ್ಸಿಗೆ ತಿದ್ದುಪಡಿಯೇ ಕುಣಿಯಲು ಶುರು ಮಾಡುತ್ತದೆ.

ಬಿಸಿ ಜಾಗ ಬದಲಿಸುತ್ತದೆ

ಬಕ್‌ನಲ್ಲಿ ಹಾರ್ಡ್ ಸ್ವಿಚಿಂಗ್ (ಪೂರ್ತಿ ವೋಲ್ಟೇಜ್ ಇರುವಾಗಲೇ ಆನ್ ಆಗುವುದು) ಮಾಡುವುದು ಮೇಲಿನ ಮಾಸ್‌ಫೆಟ್, ರಿವರ್ಸ್ ರಿಕವರಿ (ಆಫ್ ಆಗುವಾಗ ಕ್ಷಣಕಾಲ ಹಿಮ್ಮುಖ ಹರಿಯುವ ಕರೆಂಟ್) ಅನುಭವಿಸುವುದು ಕೆಳಗಿನ ಡಯೋಡ್. ಬೂಸ್ಟ್‌ನಲ್ಲಿ ಎರಡೂ ಅದಲುಬದಲು. ಆದ್ದರಿಂದ ಎರಡೂ ದಿಕ್ಕಿನಲ್ಲಿ ಪೂರ್ತಿ ಲೋಡ್ ಹಾಕಿ ಬೇರೆ ಬೇರೆಯಾಗಿ ಉಷ್ಣತೆ ಅಳೆಯಿರಿ. ಗೇಟ್ ರೆಸಿಸ್ಟರ್‌ಗಳನ್ನು ಬಕ್‌ಗೆ ಹೊಂದಿಸಿ ಬಿಟ್ಟಿದ್ದರೆ ಬೂಸ್ಟ್‌ನಲ್ಲಿ ಮೇಲಿನ ಗೇಟ್ ತಾನಾಗಿ ಎದ್ದು ಕ್ಷಣಕಾಲ ಶೂಟ್ ಥ್ರೂ (ಎರಡೂ ಮಾಸ್‌ಫೆಟ್ ಒಟ್ಟಿಗೆ ಆನ್) ಆಗಬಹುದು. ಕೆಳಗಿನದು ಆನ್ ಆಗುವ ಗಳಿಗೆಯಲ್ಲಿ ಮೇಲಿನ ಗೇಟ್ ವೋಲ್ಟೇಜ್ ನೋಡಿ. ಉಬ್ಬು ಥ್ರೆಶೋಲ್ಡ್ ಹತ್ತಿರ ಬಂದರೆ ಕೆಳಗಿನದರ ಆನ್ ರೆಸಿಸ್ಟರ್ ಏರಿಸಿ, ಮೇಲಿನದರ ಆಫ್ ದಾರಿಯ ರೆಸಿಸ್ಟೆನ್ಸ್ ಇಳಿಸಿ.

ಪ್ರೊಟೆಕ್ಷನ್‌ಗೂ ಎರಡು ಮುಖ ಬೇಕು

ಓವರ್‌ಕರೆಂಟ್ ಕಂಪರೇಟರ್ ಒಂದೇ ಇದ್ದರೆ ಅದು ಪ್ಲಸ್ ಬದಿಯನ್ನು ಮಾತ್ರ ಕಾಯುತ್ತದೆ. ಮೈನಸ್ 60 ಆಂಪ್ ಬಂದರೂ ಅದಕ್ಕೆ ಅದು ಬರೀ ಕಡಿಮೆ ವೋಲ್ಟೇಜ್. ಮೇಲೊಂದು ಕೆಳಗೊಂದು ಮಿತಿಯ ವಿಂಡೋ ಕಂಪರೇಟರ್ ಹಾಕಿ, ಶಂಟಿಗೆ ಎರಡೂ ದಿಕ್ಕಿನಲ್ಲಿ ಕರೆಂಟ್ ಹರಿಸಿ ಎರಡೂ ಮಿತಿ ನಿಜವಾಗಿ ಟ್ರಿಪ್ ಆಗುತ್ತವೆಯೇ ನೋಡಿ.

ಗೇಟ್ ಆಫ್ ಮಾಡಿದರೆ ನಿಲ್ಲದ ಕರೆಂಟೂ ಒಂದಿದೆ. ಬಸ್ ಶಾರ್ಟ್ ಆಗಿ ಅದರ ವೋಲ್ಟೇಜ್ ಬ್ಯಾಟರಿಗಿಂತ ಕೆಳಗಿಳಿದರೆ ಮೇಲಿನ ಬಾಡಿ ಡಯೋಡ್ ನೇರವಾಗಿ ನಡೆಸುತ್ತದೆ. ಎರಡೂ ಗೇಟ್ ಆಫ್ ಇದ್ದರೂ ಬ್ಯಾಟರಿ ಶಾರ್ಟಿಗೆ ಸುರಿಯುತ್ತಲೇ ಇರುತ್ತದೆ. ಖಾಲಿ ಬಸ್‌ಗೆ ಬ್ಯಾಟರಿ ಸೇರಿಸುವಾಗಲೂ ಇದೇ ದಾರಿ. ರೆಸಿಸ್ಟೆನ್ಸ್ ಲೆಕ್ಕಕ್ಕಿಡದೆ ನೋಡಿದರೆ 1000 ಮೈಕ್ರೊಫ್ಯಾರಡ್ ತುಂಬಲು 80 ಆಂಪ್ ತನಕ ತುದಿ ಮುಟ್ಟಬಹುದು. ಬ್ಯಾಟರಿ ಕನೆಕ್ಟರಿನಲ್ಲಿ ಕಿಡಿ ಹಾರುತ್ತಿದ್ದರೆ ಕಾರಣ ಇದೇ. ಬ್ಯಾಟರಿ ಲೈನಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಮಾಸ್‌ಫೆಟ್ ಇಲ್ಲವೇ ಕಾಂಟ್ಯಾಕ್ಟರ್, ಅದಕ್ಕೆ ಸಮಾನಾಂತರವಾಗಿ ಪ್ರೀಚಾರ್ಜ್ ರೆಸಿಸ್ಟರ್ (ಬಸ್ ಕೆಪಾಸಿಟರನ್ನು ಮೊದಲು ನಿಧಾನ ತುಂಬಲು), ಜೊತೆಗೆ ಡಿಸಿ ರೇಟಿಂಗಿನ ಫ್ಯೂಸ್ ಇಡಿ. ಬಸ್ ವೋಲ್ಟೇಜ್ ಬ್ಯಾಟರಿಯ ಹತ್ತಿರ ಬರುವ ತನಕ ಮುಖ್ಯ ದಾರಿ ಆನ್ ಆಗದಂತೆ ಕೋಡಿನಲ್ಲಿ ತಡೆ ಹಾಕಿ. ಬಸ್ ಏರುವುದೇ ಇಲ್ಲ ಅಂದರೆ ಪ್ರೀಚಾರ್ಜ್ ನಿಲ್ಲಿಸಿ ಫಾಲ್ಟ್ ತೋರಿಸಲಿ, ಏಕೆಂದರೆ ಬಸ್ ಮೇಲೆ ಆಗಲೇ ಶಾರ್ಟ್ ಇದೆ.